ಪಕ್ಕದಲ್ಲಿ ಮಲಗಿರುವ ಕೈ

ಅಂಗಡಿಯ ಹಿಂದಿನ ಮನೆ
ಬುಧವಾರ, ೧೯ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಗುಂಡಿ,

ಹೇಗಿದ್ದೀಯೋ? ಎದೆಯುರಿ ಕಡಿಮೆಯಾಯಿತೇ, ಇಲ್ಲ ಈಗಲೂ ಹೊತ್ತಿಗೆ ಸರಿಯಾಗಿ ಉಣ್ಣದೆ ಬರೀ ಟೀ ಕುಡಿದುಕೊಂಡು ಮಿಷನ್ ತುಳಿಯುತ್ತಿದ್ದೀಯಾ? ಆ ಸಮವಸ್ತ್ರದ ಕಾರ್ಖಾನೆಯಲ್ಲಿ ನಿನ್ನಿಂದ ದಿನವಿಡೀ ಕಾಲರ್ ಒಂದನ್ನೇ ಹೊಲಿಸುತ್ತಾರೆಂದು ಪಕ್ಕದ ಇಸ್ತ್ರಿ ಅಂಗಡಿಯವರು ಹೇಳಿದರು. ಇಡೀ ಕೋಟು ಹೊಲಿಯುವವನಿಗೆ ಬರೀ ಕಾಲರ್! ನಿನ್ನ ವಿಳಾಸ ಕೊಟ್ಟವರೂ ಅವರೇ. ಅವರ ಮೇಲೆ ರೇಗಬೇಡ, ಮೂರು ದಿನ ಬೆನ್ನುಹತ್ತಿ ನಾನೇ ಬಾಯಿ ಬಿಡಿಸಿದೆ. ಇಷ್ಟು ದೊಡ್ಡವನಾದರೂ ಗುಂಡಿ ಎಂದೇ ಬರೆಯುತ್ತಾಳಲ್ಲ ಎಂದು ಮೂತಿ ಊದಿಸಿಕೊಳ್ಳಲೂ ಬೇಡ. ಕೋಟಿನ ಗುಂಡಿ ನುಂಗಿ, ಅದು ಹೊರಗೆ ಬರುವ ತನಕ ಮನೆಮಂದಿಯನ್ನೆಲ್ಲ ಎರಡು ದಿನ ಕಾಯಿಸಿದವನನ್ನು ಇನ್ನೇನೆಂದು ಕರೆಯಲಿ?

ನಿಮ್ಮಣ್ಣನಿಗೆ ಪಾರ್ಶ್ವವಾಯು ಆಗಿರುವುದು ನಿನಗೆ ಗೊತ್ತಿದೆ. ನಿನಗೆ ಗೊತ್ತಿದೆ ಎನ್ನುವುದು ನನಗೆ ಹೋದ ವಾರವಷ್ಟೇ ಗೊತ್ತಾಯಿತು, ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆ ದಿನದ್ದು ಕೇಳು. ಎರಡು ತಿಂಗಳ ಹಿಂದೆ, ಬೆಳಿಗ್ಗೆ ಹತ್ತರ ಹೊತ್ತು. ಮದುವಣಗಿತ್ತಿಯ ಲಂಗಕ್ಕೆ ಒಳಪದರದ ಸಾಟಿನ್ ಕತ್ತರಿಸುತ್ತಿದ್ದರು. ನಾನು ಬಾಗಿಲ ಬಳಿ ಕಾಜಾ ಹಾಕುತ್ತಾ ಕೂತಿದ್ದೆ. ಬಟ್ಟೆ ಮೇಜಿನಿಂದ ಸರಸರನೆ ಕೆಳಗೆ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ಏನಾಯಿತು ಎಂದರೆ, "ಏನಿಲ್ಲ ಕಣೆ, ಸಾಟಿನ್ ಅಲ್ವಾ, ಜಾರುತ್ತೆ" ಎಂದರು. ಮಾತು ಸ್ವಲ್ಪ ತೊದಲಿತು. ನಾನು ನಂಬಿಬಿಟ್ಟೆ. ಸಾಟಿನ್ ಜಾರುವುದು ಯಾವ ದರ್ಜಿಯ ಹೆಂಡತಿಗೆ ಗೊತ್ತಿಲ್ಲ? ಸುಸ್ತಾಗಿರಬೇಕೆಂದು ಬಿಸಿನೀರು ಕುಡಿಸಿ ಮಲಗಿಸಿದೆ. ಜಾರಿದ್ದು ಬಟ್ಟೆಯಲ್ಲ, ಅದನ್ನು ಒತ್ತಿ ಹಿಡಿದಿದ್ದ ಎಡಗೈ ಎಂದು ನನ್ನ ಮಂದ ಬುದ್ಧಿಗೆ ಹೊಳೆಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು, ಅವರ ಬಾಯಿ ಒಂದು ಕಡೆ ಇಳಿದಿತ್ತು. ಇಂಥದ್ದಾದಾಗ ಒಂದೊಂದು ನಿಮಿಷವೂ ಮುಖ್ಯ ಎಂದು ಡಾಕ್ಟರಮ್ಮ ಹೇಳಿದರು. ಬೈದಿದ್ದರೂ ಆಗುತ್ತಿತ್ತು, ಅವರು ಮೆತ್ತಗೆ ಹೇಳಿದರು. ಆ ಎರಡು ಗಂಟೆ ನನ್ನ ಎದೆಯ ಮೇಲೆ ಕೂತಿದೆ ಗುಂಡಿ, ಇಳಿಯುವುದಿಲ್ಲ.

ಮಿದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತಂತೆ. ನರಗಳೆಲ್ಲ ಅಡ್ಡ ದಾಟಿ ಹೋಗುತ್ತವಂತೆ, ಅದಕ್ಕೇ ಬಲಭಾಗ ಕೆಟ್ಟರೆ ಎಡಗೈ ಎಡಗಾಲು ಬೀಳುತ್ತವೆ. ಅಷ್ಟಾಗಿದ್ದರೆ ಹೇಗೋ ಏಗುತ್ತಿದ್ದೆ. ಇನ್ನೊಂದಿದೆ. ಎಡಗಡೆ ಎಂಬುದೇ ಅವರ ಪಾಲಿಗೆ ಇಲ್ಲವಾಗಿದೆ. ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಆದರೆ ಎಡಗಡೆಯಿಂದ ಬಂದದ್ದನ್ನು ಮಿದುಳು ಗಮನಕ್ಕೇ ತೆಗೆದುಕೊಳ್ಳುವುದಿಲ್ಲ. ತಟ್ಟೆಯ ಬಲಭಾಗದ ಅನ್ನ ತಿಂದು, ಇಷ್ಟೇನಾ ಬಡಿಸೋದು ಎಂದು ನನ್ನ ಮೇಲೆ ಹಾರಾಡುತ್ತಾರೆ. ತಟ್ಟೆ ತಿರುಗಿಸಿಟ್ಟರೆ ಪವಾಡ ಕಂಡವರಂತೆ ನೋಡಿ ಉಳಿದದ್ದನ್ನು ತಿನ್ನುತ್ತಾರೆ. ಗಡ್ಡ ಬೋಳಿಸಿಕೊಳ್ಳುವುದೂ ಅರ್ಧ ಮುಖಕ್ಕೇ. ಮೊದಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಈಗ ನಾನು ಹೇಳಲೇಬೇಕಾದ ಮಾತು. ಆ ಬ್ಯಾಂಡಿನವರ ಹನ್ನೆರಡು ಕೋಟು ನೆನಪಿದೆಯಲ್ಲ? ಮರೆಯುವುದುಂಟೇ! ಹನ್ನೆರಡರ ತೋಳೂ ಎರಡೆರಡು ಬೆರಳು ಗಿಡ್ಡ. ನೀನು ಹೊಲಿಗೆಯಲ್ಲಿ ಬಟ್ಟೆ ತಿಂದೆ ಎಂದು ಅವರು, ಕತ್ತರಿಸುವಾಗಲೇ ತಪ್ಪಿದೆ ಎಂದು ನೀನು. ಗಿರಾಕಿಗಳ ಎದುರಿಗೇ "ನನ್ನ ಕತ್ತರಿಗೆ ತಪ್ಪು ಹೇಳೋನು ನನ್ನ ಅಂಗಡೀಲಿ ಇರಬೇಡ" ಎಂದುಬಿಟ್ಟರು. ನೀನು ಹೆಗಲಿನ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟು ಹೊರಟೆ. ಚೂರುಬಟ್ಟೆ ಆಯುವವಳು ನಾನೇ ತಾನೇ? ಆ ದಿನದ ಚೂರುಗಳಲ್ಲಿ ಸೀಮೆಸುಣ್ಣದ ಗೆರೆ ನೋಡಿದ್ದೆ. ಮೇಜಿನ ಎಡತುದಿಗೆ ಬರುವ ಮಣಿಕಟ್ಟಿನ ಕಡೆ, ಮಡಿಚುವುದಕ್ಕೆ ಬಿಡಬೇಕಾದ ಎರಡು ಬೆರಳು ಬಿಟ್ಟೇ ಇರಲಿಲ್ಲ. ತಪ್ಪು ಅವರದೇ ಎಂದು ಗೊತ್ತಿದ್ದೂ ತುಟಿಪಿಟಕ್ಕೆನ್ನಲಿಲ್ಲ. ಸಿಟ್ಟಿಳಿದ ಮೇಲೆ ಹೇಳಿದರಾಯಿತು, ಸಂಜೆಗೆ ನೀನು ಬಂದೇ ಬರುತ್ತೀಯ ಎಂದುಕೊಂಡೆ. ನೀನು ಬರಲಿಲ್ಲ. ನಾನು ಮಾಡಿದ ಘನಕಾರ್ಯ ಏನು ಗೊತ್ತೇ? ಅವರನ್ನು ಕರೆದುಕೊಂಡು ಹೋಗಿ ಹೊಸ ಕನ್ನಡಕ ಮಾಡಿಸಿದೆ! ಆಸ್ಪತ್ರೆಯಲ್ಲಿ ಮಿದುಳಿನ ಚಿತ್ರ ತೆಗೆದಾಗ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. ಹಳೆಯ ಸಣ್ಣ ಗಾಯವೊಂದಿತ್ತು, ಹಲವು ತಿಂಗಳ ಹಿಂದಿನದು, ಆ ಕೋಟುಗಳ ಕಾಲದ್ದು. ಅಂದೇ ಸಣ್ಣದಾಗಿ ಹೊಡೆದಿತ್ತಂತೆ, ಯಾರಿಗೂ ತಿಳಿಯದ ಹಾಗೆ. ನಾನು ಅವತ್ತು ಬಾಯಿ ಬಿಟ್ಟಿದ್ದರೆ ನೀನೂ ಉಳಿಯುತ್ತಿದ್ದೆ, ಅವರ ಕೈಯೂ ಉಳಿಯುತ್ತಿತ್ತೇನೋ. ಈ ಚಿತ್ರದ ವಿಷಯ ಅವರಿಗೆ ಹೇಳಿದೆ. "ಹಾಗಾದ್ರೆ ಅವನು ಹೇಳಿದ್ದೇ ಸರಿ" ಎಂದರು. ಅಷ್ಟು ಹೇಳಿಸುವುದಕ್ಕೆ ಒಂದು ಮಿದುಳು ಕೆಡಬೇಕಾಯಿತು ನೋಡು.

ಹೋದ ವಾರ ತಪಾಸಣೆಗೆ ಹೋದಾಗ ವಾರ್ಡಿನ ಆಯಾ ನನ್ನನ್ನು ಗುರುತು ಹಿಡಿದು ನಿಲ್ಲಿಸಿದಳು. "ನಿಮ್ಮ ಯಜಮಾನ್ರದ್ದೇ ಮೂಗು ಇರೋ ಒಬ್ಬರು ಬಂದಿದ್ರಲ್ಲಮ್ಮ, ಆಮೇಲೆ ಬಂದ್ರಾ?" ಎಂದಳು. ನಾನು ಔಷಧಿ ತರಲು ಕೆಳಗೆ ಹೋಗಿದ್ದಾಗ ನೀನು ಬಂದಿದ್ದೆಯಂತೆ. ಕಿಟಕಿಯ ಕಡೆ ನಿಂತು ಎರಡು ಸಲ ಅಣ್ಣಾ ಎಂದು ಕರೆದೆಯಂತೆ. ಅವರು ಮುಖ ಆಚೆ ತಿರುಗಿಸಿಕೊಂಡರಂತೆ. ಹಣ್ಣಿನ ಚೀಲ ಸ್ಟೂಲಿನ ಮೇಲಿಟ್ಟು ಕಣ್ಣೊರೆಸಿಕೊಂಡು ಹೋದೆಯಂತೆ. ಅಯ್ಯೋ ನನ್ನಪ್ಪಾ! ಆ ಚೀಲ ಬೇರೆ ಯಾರದೋ ಎಂದು ಪಕ್ಕದ ಮಂಚದವರಿಗೆ ಕೊಟ್ಟ ದಡ್ಡಿ ನಾನು. ಕೇಳು ಗುಂಡಿ, ಆ ಕಿಟಕಿ ಅವರ ಎಡಕ್ಕಿತ್ತು. ಎಡಗಡೆಯಿಂದ ಯಾರಾದರೂ ಕರೆದರೆ ಅವರು ಬಲಗಡೆ ತಿರುಗುತ್ತಾರೆ. ಅವರ ಜಗತ್ತು ಇರುವುದೇ ಅಲ್ಲಿ, ಅಲ್ಲೇ ಹುಡುಕುತ್ತಾರೆ. ಅವರು ಮುಖ ತಿರುಗಿಸಿದ್ದಲ್ಲ ಕಣೋ, ನಿನ್ನನ್ನು ಹುಡುಕಿದ್ದು. ನಾನು ಔಷಧಿ ತಂದು ನಿಂತಾಗ ನನ್ನ ಕೈ ಹಿಡಿದು, "ಅವನು ಕರೆದ ಹಾಗಾಯ್ತು, ಎಲ್ಲೂ ಕಾಣಲಿಲ್ಲ" ಎಂದಿದ್ದರು. ಜ್ವರಕ್ಕೆ ಏನೋ ಬಡಬಡಿಸುತ್ತಾರೆಂದು ಹಣೆ ಮುಟ್ಟಿ ನೋಡಿದ್ದೆ.

ಇನ್ನೊಂದು ಸಂಗತಿ ಬರೆಯಲೋ ಬೇಡವೋ ಎಂದು ಎರಡು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ಬಿದ್ದಿರುವ ಆ ಎಡಗೈ ತನ್ನದಲ್ಲ ಎನ್ನುತ್ತಾರೆ. ಇಂಥ ಏಟು ತಿಂದ ಕೆಲವರು ಹೀಗೆ ಹೇಳುವುದುಂಟು, ಹುಚ್ಚಲ್ಲ, ಗಾಬರಿಯಾಗಬೇಡಿ ಎಂದರು ಡಾಕ್ಟರಮ್ಮ. ಸರಿ, ನಿಮ್ಮದಲ್ಲದಿದ್ದರೆ ಮತ್ತೆ ಯಾರದ್ದು ಎಂದು ಕೇಳಿದೆ. ಇದೂ ಗೊತ್ತಿಲ್ಲವಾ ಎನ್ನುವ ಹಾಗೆ ನನ್ನನ್ನು ನೋಡಿ, "ನಮ್ಮ ಗುಂಡಿದು. ಪಕ್ಕದಲ್ಲೇ ಮಲಗಿದಾನಲ್ಲ, ಎಬ್ಬಿಸಬೇಡ" ಎಂದರು. ನಿಮ್ಮಮ್ಮ ಹೋದ ಮೇಲೆ ಕತ್ತಲೆಗೆ ಹೆದರುತ್ತಿದ್ದ ನಿನ್ನನ್ನು ಒಂದೇ ಚಾಪೆಯಲ್ಲಿ ಕೈ ಹಿಡಿದು ಮಲಗಿಸಿಕೊಳ್ಳುತ್ತಿದ್ದರಂತಲ್ಲ. ನೀನು ಎಡಕ್ಕೇ ಮಲಗುತ್ತಿದ್ದೆಯಂತೆ. ಮೂವತ್ತು ವರ್ಷ ನಿನ್ನ ಮಿಷನ್ ಇದ್ದದ್ದೂ ಅವರ ಎಡಕ್ಕೇ. ಅದಕ್ಕೇ ಏನೋ, ನನಗೆ ತಿಳಿಯದು. ಅಂದಿನಿಂದ ಆ ಕೈಗೆ ಆಗುವ ಉಪಚಾರ ಏನು ಹೇಳಲಿ. ಚಳಿಯಾಗುತ್ತೆ ಎಂದು ಹೊದಿಕೆ ಎಳೆಯುತ್ತಾರೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಬೆರಳು ಬಿಡಿಸಿದರೆ, "ಮೆತ್ತಗಮ್ಮ, ಮಗು" ಎನ್ನುತ್ತಾರೆ. ಸೂಜಿ ಚುಚ್ಚಿದ ಹಳೆಯ ಕಲೆಗಳ ಮೇಲೆ ಬಲಗೈಯ ಹೆಬ್ಬೆರಳಾಡಿಸುತ್ತಾರೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ನನ್ನ ಕೈಯನ್ನು ಒಂದು ದಿನ ಹಾಗೆ ಸವರಿದವರಲ್ಲ! ಹೊಟ್ಟೆಕಿಚ್ಚಾಯಿತು. ಆಮೇಲೆ ಸಂಕಟವಾಯಿತು. ಇಡೀ ದಿನ ತಮ್ಮನ ಕೈ ಹಿಡಿದುಕೊಂಡಿದ್ದೇನೆಂದು ಸಮಾಧಾನವಾಗಿರುವವರಿಗೆ ಅವನಿಲ್ಲ ಎಂದು ಯಾವ ಬಾಯಿಂದ ಹೇಳಲಿ? ವಾದ ಮಾಡಬೇಡಿ, ಹೂಂ ಎನ್ನಲೂ ಬೇಡಿ ಎಂದಿದ್ದಾರೆ ಡಾಕ್ಟರಮ್ಮ. ಅದಕ್ಕೆ ಸುಮ್ಮನಿರುತ್ತೇನೆ. ಬಾಯಿ ಬಿಡಬೇಕಾದಾಗಲೆಲ್ಲ ಸುಮ್ಮನಿದ್ದವಳಿಗೆ ಇದೇನು ಹೊಸದಲ್ಲ.

ಇನ್ನೊಂದು ಏಟು ಬಂದರೆ ತಡೆಯುವುದು ಕಷ್ಟ ಎಂದಿದ್ದಾರೆ. ಹೆದರಿಸಲು ಬರೆಯುತ್ತಿಲ್ಲ, ಬರೆಯದೆ ಇದ್ದರೆ ಮತ್ತೆ ಅದೇ ತಪ್ಪಾಗುತ್ತದೆ ಎಂದು ಬರೆದೆ. ಬಾ ಎಂದು ಹೇಳುವ ಮುಖ ನನಗಿಲ್ಲ. ಬರುವುದಾದರೆ ಅಂಗಡಿಯ ಬಾಗಿಲಿಂದ ಬರಬೇಡ, ಅಲ್ಲಿಂದ ಬಂದವರು ಅವರ ಎಡಕ್ಕೆ ಬಂದು ನಿಲ್ಲುತ್ತಾರೆ. ಅಡಿಗೆಮನೆಯ ಬಾಗಿಲು ತೆರೆದೇ ಇಟ್ಟಿರುತ್ತೇನೆ. ನಿನ್ನ ಮಿಷನ್ನನ್ನು ಇಸ್ತ್ರಿ ಅಂಗಡಿಯವರ ಕೈಲಿ ಎತ್ತಿಸಿ ಮಂಚದ ಬಲಕ್ಕೆ ಹಾಕಿಸಿದ್ದೇನೆ. ಎಣ್ಣೆಯನ್ನೂ ಬಿಟ್ಟಿದ್ದೇನೆ.

ನಿನ್ನ ಕೈಗಳಿಗೆ ಯಾವ ನೋವೂ ತಾಗದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅವತ್ತು ಮಾತಾಡಬೇಕಿದ್ದ,
ನಿನ್ನ ಅತ್ತಿಗೆ

ತಾ. ಕ. ಕಾಗದ ಮಡಚುವ ಹೊತ್ತಿಗೆ ವ್ಯಾಯಾಮದ ಹುಡುಗಿ ಬಂದಳು, ಅದಕ್ಕೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ದರ್ಜಿಯವರಲ್ಲವೇ, ತಮ್ಮ ವಿದ್ಯೆಯಿಂದಲೇ ತಿಳಿದುಕೊಳ್ಳಲಿ ಎಂದು ಅವಳು ಇವತ್ತು ಅಳತೆಪಟ್ಟಿ ಕೊಟ್ಟು ಆ ಕೈಯನ್ನು ಅಳೆಯಿರಿ ಎಂದಳು. ನೀನು ಮೇಜಿನ ಮೇಲಿಟ್ಟು ಹೋದದ್ದೇ ಪಟ್ಟಿ. ಅವಳು ಹೆಗಲ ಬಳಿ ಹಿಡಿದಳು, ಇವರು ಬಲಗೈಯಿಂದ ಮಣಿಕಟ್ಟಿನ ತನಕ ಎಳೆದರು. ಇಪ್ಪತ್ಮೂರೂವರೆ ಇಂಚು. ಎರಡನೇ ಸಲ ಎಳೆದರು. ಇಪ್ಪತ್ಮೂರೂವರೆಯೇ. "ಅವನದು ಇಪ್ಪತ್ತೈದು. ಇದು ಅವನ ಕೈಯಲ್ಲ, ನಂದು" ಎಂದರು. ಆ ಹುಡುಗಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಗುಣವಾಗುವ ಲಕ್ಷಣವಂತೆ. ಅವಳು ಹೋದ ಮೇಲೆ ಬಲಗಡೆ ಪೂರ್ತಿ ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಅವನೆಲ್ಲೇ?" ಎಂದು ಕೇಳಿದರು. ಈ ಕಾಗದ ಮುಗಿಸುವ ತನಕ ನಾಲ್ಕು ಸಲ ಕೇಳಿದ್ದಾರೆ. ಬೇಗ ಬಾ.