ಇಳಿತದ ಹೊತ್ತಿನ ನಕ್ಷೆ

ಬೋಕಾ ವಿಯೆಹಾ, ಎಸ್ಮೆರಾಲ್ಡಾಸ್
ಅಕ್ಟೋಬರ್ 9

ನನ್ನ ಮುದ್ದಿನ ಮೊಂಡು ಮಗಳು ದೆಯಾನಿರಾಗೆ,

ಗೆದ್ದೆವು ಕಣೇ! ಕ್ಷೇಮ ಸಮಾಚಾರ ಆಮೇಲೆ. ಹನ್ನೊಂದು ಹೆಂಗಸರು ಬರೆದ ನಕ್ಷೆಗೆ ಇವತ್ತು ಸರ್ಕಾರದ ಮೊಹರು ಬಿತ್ತು. ಕೆಸರುದಿಬ್ಬ ನಮ್ಮದಾಗಿಯೇ ಉಳಿಯಿತು. ಅದು ಹೋಗಿದ್ದರೆ ಊರಿನ ಅರ್ಧ ಒಲೆಗಳು ಹೊತ್ತುತ್ತಿರಲಿಲ್ಲ. ದಿಬ್ಬ ಅಗೆದು ಸೀಗಡಿ ಸಾಕಲು ಹೊರಟಿದ್ದ ಹೊಂಡದವರು ಬೇರೆ ಜಾಗ ನೋಡಿಕೊಳ್ಳಲಿ.

ರಜೆಗೆ ಬಂದ ನೀನು ಕಾಗದ ಹರಡಿ ಪಾಠ ಶುರುಮಾಡಿದಾಗ ನಾನು ಮೂಗು ಮುರಿದದ್ದು ನಿಜ. ನಲವತ್ತು ವರ್ಷ ಉಪ್ಪುನೀರಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಚಿಪ್ಪುಮೀನು ಹೆಕ್ಕಿದವಳಿಗೆ ಇವಳಿಂದ ಭೂಗೋಳವೇ ಎಂದುಕೊಂಡೆ. ನೀನು ಬಿಡಲಿಲ್ಲ. ದೋಣಿಯ ಹುಟ್ಟು ನೂರು ಸಲ ಎಳೆದರೆ ಕಾಗದದಲ್ಲಿ ಒಂದು ಬೆರಳಗಲ ಎಂದು ಅಳತೆ ಕಟ್ಟಿಸಿದೆ. ಸೂರ್ಯ ಏಳುವ ಕಡೆಗೆ ಬಲಗೈ ಚಾಚಿ ಉತ್ತರ ಹಿಡಿಯಲು ಕಲಿಸಿದೆ. ಯಾವ ಗುರುತಿಗೆ ಏನರ್ಥ ಎಂದು ಮೂಲೆಯಲ್ಲಿ ಬರೆಸಿದೆ. ಉಬ್ಬರದಲ್ಲಿ ಕಾಣುವ ಊರೇ ಬೇರೆ, ಇಳಿತದಲ್ಲಿ ಕಾಣುವ ಊರೇ ಬೇರೆ, ಹಾಗಾಗಿ ನೋಡಿದ ಹೊತ್ತನ್ನೂ ನಕ್ಷೆಯಲ್ಲಿ ಬರೆಯಿರಿ ಎಂದೆ. ಆ ಮಾತೇ ನಮ್ಮನ್ನು ಉಳಿಸಿತು.

ಹೋದ ತಿಂಗಳು ಸರ್ಕಾರದ ಅಧಿಕಾರಿ ತನ್ನ ನಕ್ಷೆ ಹಿಡಿದು ಬಂದ. ಅದರಲ್ಲಿ ನಮ್ಮ ದಿಬ್ಬವೆಲ್ಲ ಬರೀ ನೀಲಿ. "ಇಲ್ಲಿ ನೀರು ಬಿಟ್ರೆ ಏನಿದೆ ಅಜ್ಜಿ? ಖಾಲಿ ನೀರನ್ನ ಹೊಂಡದವ್ರಿಗೆ ಕೊಟ್ರೆ ನಿಮಗೇನು ನಷ್ಟ?" ಎಂದ. ಅಜ್ಜಿಯಂತೆ, ಐವತ್ತೆರಡಕ್ಕೇ! ಮೈಯೆಲ್ಲ ಉರಿಯಿತು. ಆದರೂ ನಗುನಗುತ್ತಾ ಊಟ ಮುಗಿಸಿಕೊಂಡು ಜಾಗ ನೋಡಿ ಎಂದೆ. ತೆಂಗಿನ ಹಾಲಿನ ಮೀನು, ಬೇಯಿಸಿದ ಬಾಳೆಕಾಯಿ. ಊಟ ಸ್ವಲ್ಪ ತಡವಾಯಿತು.

ಆಮೇಲೆ ಅವನೇ ನಡೆಸಿಕೊಂಡು ಬಂದಿದ್ದ ಮೋಟಾರು ದೋಣಿಯಲ್ಲಿ ಹೊರಟೆವು. ಅವನ ನೀಲಿಯ ನಟ್ಟನಡುವೆ ದೋಣಿ ಗಕ್ಕನೆ ನಿಂತಿತು. ನೋಡುನೋಡುತ್ತಲೇ ನೀರು ಜಾರಿ ಸುತ್ತಲೂ ದಿಬ್ಬ ಎದ್ದಿತು. ನಿನ್ನ ಚಿಕ್ಕಮ್ಮ ಎರ್ಮೆನ್ಸಿಯಾಗೆ ಬಾಯಿ ಮುಚ್ಚಿ ಗೊತ್ತಿದೆಯೇ? ಮೊಣಕಾಲುದ್ದ ಕೆಸರಿನಲ್ಲಿ ನಿಂತು, "ಇಳೀರಿ ಇಂಜಿನಿಯರ್ರೇ, ನಿಮ್ಮ ನೀರಲ್ಲಿ ಈಜ್ಕೊಂಡು ಬನ್ನಿ!" ಎಂದು ಕೂಗಿದಳು. ಅವನು ಇಳಿದ. ಒಂದು ಬೂಟು ಅಲ್ಲೇ ಉಳಿಯಿತು. ಅವನ ಕೈ ಹಿಡಿದು ಕೆಸರೊಳಗೆ ತೂರಿಸಿದೆ, ಮೂರು ಚಿಪ್ಪು ಬಂದವು. ಮತ್ತೆ ಉಬ್ಬರ ಬರುವ ತನಕ ಅವನಿಗೂ ಬೇರೆ ಕೆಲಸವಿರಲಿಲ್ಲ. ನಮ್ಮ ನಕ್ಷೆ ಬಿಚ್ಚಿ ಪ್ರತಿ ದಿಬ್ಬ, ಪ್ರತಿ ತೋಡನ್ನು ತಾಳೆ ನೋಡಿದ. ಕೊನೆಗೆ, "ಉಬ್ಬರದ ಹೊತ್ತಲ್ಲಿ ಬರ್ದಿದ್ದು, ತಪ್ಪು ನನ್ನ ನಕ್ಷೇದೇ ಕಣಮ್ಮ" ಎಂದ. ಅಜ್ಜಿ ಹೋಗಿ ಅಮ್ಮ ಆದೆ!

ನಕ್ಷೆಯ ಮೂಲೆಯಲ್ಲಿ ಬರೆದವರ ಹೆಸರುಗಳಿವೆ. ಹನ್ನೆರಡನೆಯದು ನಿನ್ನದು. ನನ್ನ ಮಗಳು ಕಲಿಸಿದ್ದು ಎಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದೇನೆ, ಎಷ್ಟು ಹೆಮ್ಮೆ ಗೊತ್ತೇ?

ಕೆಸರುಗೈಯಲ್ಲೇ ನಿನ್ನನ್ನು ಅಪ್ಪಿಕೊಳ್ಳುವ ಅಮ್ಮ,
ಫ್ಲೊರಿಪೆಸ್

ಮತ್ತೊಂದು ಮಾತು: ಅವತ್ತು ಊಟ ತಡವಾದದ್ದಲ್ಲ, ನಾನೇ ತಡಮಾಡಿದ್ದು. ಮೀನು ಬೆಳಿಗ್ಗೆಯೇ ಬೆಂದಿತ್ತು. ನೀರು ಇಳಿಯತೊಡಗುವವರೆಗೆ ಅವನಿಗೆ ಮೂರು ಸಲ ಬಡಿಸಿದೆ. ಎರ್ಮೆನ್ಸಿಯಾಗೂ ಇದು ಗೊತ್ತಿಲ್ಲ. ಹೊತ್ತು ನೋಡಬೇಕು ಅಂತ ಕಲಿಸಿದವಳು ನೀನೇ, ಬೈಯಬೇಡ.