ಕೊನೇ ಸೈಕಲ್ಲು ನಂದಾಗಿತ್ತು, ಮಾದೇವಣ್ಣ

ನಮ್ಮ ಮಾದೇವಣ್ಣಂಗೆ,

ನಮ್ಮ ಸೈಕಲ್ ಗ್ರೂಪಲ್ಲಿ ಹಾಕಿದ್ರೆ ನೀವು ನೋಡಲ್ಲ. ನಿಮ್ಮ ನಂಬರ್‌ಗೆ ಕಳ್ಸಿದ್ರೆ ಒಂದೇ ಟಿಕ್ಕು. ಅದಕ್ಕೇ ಕಾಗದ ಬರೀತಿದೀನಿ, ಜೀವನದಲ್ಲಿ ಫಸ್ಟ್ ಟೈಮು. ನಗ್ಬೇಡಿ. ವಿಷ್ಯ ಏನಂದ್ರೆ, ಹೋಗ್ಬಂದ್ವಿ ಅಣ್ಣ. ಮೂರು ದಿನ, ಹನ್ನೊಂದು ಸೈಕಲ್ಲು, ಮೇಲುಕೋಟೆ. ನೀವಿಲ್ದೆ.

ಮಂಡಿ ಮೊಹಲ್ಲಾದ ನಿಮ್ಮ ಅಂಗಡಿಗೆ ನಾನು ಮೊದಲ್ನೇ ಸಲ ಬ್ರೇಕ್ ಸರಿಮಾಡ್ಸೋಕೆ ಬಂದಿದ್ದು ನೆನಪಿದ್ಯಾ? "ಎಲ್ಲೀವರ್ಗೂ ಓಡಿಸ್ತೀಯಮ್ಮ?" ಅಂದ್ರಿ. ಅಶೋಕಪುರಂನಿಂದ ಕಾಲೇಜ್ವರ್ಗೂ ಅಂದೆ. "ಅಷ್ಟಕ್ಕೆ ಬ್ರೇಕ್ ಯಾಕೆ, ಕಾಲೇ ಸಾಕು" ಅಂದ್ಬುಟ್ರಿ. ಉರ್ದೋಯ್ತು ನಂಗೆ. ಆಮೇಲಿಂದ ನಿಮ್ಮ ಭಾನುವಾರದ ಸೈಕಲ್ ರೌಂಡು ಒಂದೂ ತಪ್ಪಿಸಲಿಲ್ಲ, ಯಾವಾಗ್ಲೂ ನಾನೇ ಎಲ್ರಿಗಿಂತ ಮುಂದೆ. ನೀವು ಮಾತ್ರ ಆ ಖಾಕಿ ಬ್ಯಾಗ್ ಕಟ್ಕೊಂಡು ಎಲ್ರಿಗಿಂತ ಹಿಂದೆ. ಲೀಡರ್ ಯಾಕೆ ಹಿಂದೆ ಅಂತ ಎಷ್ಟು ಸಲ ಕೇಳಿಲ್ಲ? "ಮುಂದಿದ್ರೆ ನೀವೆಲ್ಲ ಎಲ್ಲೆಲ್ಲಿ ಬಿದ್ರಿ ಅಂತ ನಂಗೆ ಯಾರಮ್ಮ ಹೇಳೋರು?"

ನೀವು ನಮ್ಮನ್ನೆಲ್ಲ ಬುಟ್ಟು ಹೋದ್ಮೇಲೆ ಗ್ರೂಪು ಎಂಗಿತ್ತು ಗೊತ್ತಾ? ಗುಡ್ ಮಾರ್ನಿಂಗ್ ಕೂಡ ಇಲ್ಲ. ಒಂದಿನ ಯಾರೋ "ಮಾದೇವಣ್ಣ ಇಲ್ದೆ ಇನ್ನೆಂಥ ಟ್ರಿಪ್ಪು, ಗ್ರೂಪ್ ಮುಚ್ಬುಡಣ" ಅಂತ ಹಾಕಿದ್ರು. ಅದಕ್ಕೆ ಹೆಬ್ಬೆಟ್ಟು ಮೇಲೆ ಹೆಬ್ಬೆಟ್ಟು! ನಂಗೆಲ್ಲಿತ್ತೋ ಕೋಪ. "ಹೋಗ್ತೀವಿ. ಕೊನೇ ಸೈಕಲ್ ನಾನು" ಅಂತ ಟೈಪ್ ಮಾಡ್ಬುಟ್ಟೆ. ಈ ಒಂದು ಟ್ರಿಪ್ ಕೆಟ್ರೆ ಗ್ರೂಪ್ ಮುಗೀತು ಅಂತ ಎಲ್ರಿಗೂ ಗೊತ್ತಿತ್ತು. ಮೊದ್ಲು ಹೆಸರು ಕೊಟ್ಟಿದ್ದು ಯಾರು ಹೇಳಿ? ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿ ಬಸವರಾಜಣ್ಣ. ಎರಡು ಕಿಲೋಮೀಟರ್‌ಗೆ ಮೂರು ಸಲ ನೀರು ಕುಡಿಯೋ ಬಸವರಾಜಣ್ಣ!

ಹೊರಟಿದ್ದು ನಿಮ್ಮ ಅಂಗಡಿ ಮುಂದಿಂದ್ಲೇ. ನಿಮ್ಮ ಖಾಕಿ ಬ್ಯಾಗಿಗೆ ಒಂದು ಮೊಳ ಮಲ್ಲಿಗೆ ಸುತ್ತಿ, ಗೌರವಕ್ಕೆ ಅಂತ ಎಲ್ರಿಗಿಂತ ಮುಂದಿನ ಸೈಕಲ್ಲಿಗೆ ಕಟ್ಟಿದ್ವಿ. ಫೋಟೋ ತೆಗ್ದಿದ್ದೇ ತೆಗ್ದಿದ್ದು. ಮೊದಲ್ನೇ ದಿನ ಪಾಂಡವಪುರ ದಾಟಿ ಗೊತ್ತಿರೋರ ತೆಂಗಿನ ತೋಟದಲ್ಲಿ ಟೆಂಟ್ ಹಾಕಿದ್ವಿ, ಎಲ್ಲ ಸೂಪರ್. ಎರಡನೇ ದಿನ ಮೇಲುಕೋಟೆ ಏರು ಶುರುವಾಗಿತ್ತು, ಮುಂದಿನೋರೆಲ್ಲ ಕಣ್ಣಿಗೂ ಕಾಣದಷ್ಟು ದೂರ ಹೋಗಿದ್ರು, ಬಸವರಾಜಣ್ಣನ ಹಿಂದಿನ ಟೈರು ಪಂಕ್ಚರ್. ನಾನು ಸ್ಟೈಲಾಗಿ ಇಳಿದು "ಎರಡೇ ನಿಮಿಷ ಅಣ್ಣ" ಅಂದೆ. ಆಮೇಲೆ...

ಪಂಪು ಎಲ್ಲಿತ್ತು ಹೇಳಿ? ಪ್ಯಾಚು, ಸಲ್ಯೂಷನ್ನು ಎಲ್ಲ? ನಿಮ್ಮ ಬ್ಯಾಗಲ್ಲಿ, ಮಲ್ಲಿಗೆ ಮುಡ್ಕೊಂಡು, ಎಲ್ರಿಗಿಂತ ಮುಂದೆ! ಆ ಬ್ಯಾಗು ಕೊನೇ ಸೈಕಲ್ಲಿಂದ ಕದಲಿದ್ದನ್ನ ನಾನು ಯಾವತ್ತಾದ್ರೂ ನೋಡಿದ್ನಾ? ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ. ಓಡಿಸ್ವಾಗ ಫೋನು ಸೈಲೆಂಟಲ್ಲಿ, ಬ್ಯಾಗೊಳಗೆ ಅನ್ನೋದು ನಿಮ್ದೇ ರೂಲಲ್ವಾ.

ತಳ್ಕೊಂಡು ನಡೆದ್ವಿ. ಬಸವರಾಜಣ್ಣನ ಹಣೇ ವಿಭೂತಿ ಬೆವರಲ್ಲಿ ಮೂಗಿನ್ಮೇಲೆ ಇಳ್ದಿತ್ತು. ಅಷ್ಟೊತ್ತಿಗೆ ಒಂದು ಗೂಡ್ಸ್ ಆಟೋ ನಿಲ್ತು. "ಹತ್ತಿ ಸಾರ್, ಖಾಲಿ ಹೋಗ್ತಿದೆ, ಎರಡು ಸೈಕಲ್ಲೂ ಹಾಕೊಳಣ." ನಿಮ್ಮ ಮಾತು ಕಿವೀಲಿತ್ತು: ಒಬ್ರು ಗಾಡಿ ಹತ್ತಿದ್ರೆ ಎಲ್ರೂ ಹತ್ತಿದಂಗೆ, ಆ ಟ್ರಿಪ್ಪು ಟ್ರಿಪ್ಪೇ ಅಲ್ಲ. ಆದ್ರೆ ಬಸವರಾಜಣ್ಣನ ಮುಖ ನೋಡಿ ಎಂಗೆ ಬೇಡ ಅನ್ಲಿ? "ನೀವು ಹತ್ತಿ ಅಣ್ಣ, ತಪ್ಪು ನಂದು" ಅಂದೆ.

"ಮತ್ತೆ ನೀನು?"

"ನಾನು ನಡ್ಕೊಂಡ್ ಬರ್ತೀನಿ."

ಆಟೋ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. "ನಿನ್ನೊಬ್ಳನ್ನ ರೋಡಲ್ಲಿ ಬುಟ್ಟು ಆಟೋದಲ್ಲಿ ಹೋದೆ ಅಂದ್ರೆ ನಮ್ಮನೇಲಿ ನಂಗೆ ಮುದ್ದೆ ಹಾಕ್ತಾರಾ? ನೀನ್ ಹೋಗಪ್ಪ. ಲೇ ರಮ್ಯಾ, ನಡಿಯೇ, ನಿನ್ನ ಪಂಪಿಗಿಷ್ಟು ಬೆಂಕಿ ಹಾಕ!" ಬೈಕೊಂಡೇ ತಳ್ಳಿದ್ರು.

ಮೂರನೇ ತಿರುವಿನ ಹತ್ರ ಮೇಲಿಂದ ಬೆಲ್ಲು ಕೇಳಿಸ್ತು. ಒಂದಲ್ಲ, ಒಂದಷ್ಟು. ಮೇಲೆ ಹೋಗಿ ನಿಮ್ಮ ಬ್ಯಾಗ್ ಇಳಿಸಿದಾಗ ಪಂಪ್ ಕಂಡಿತಂತೆ, ಹಿಂದೆ ನಮ್ಮತ್ರ ಪಂಪಿಲ್ಲ ಅಂತ ಆಗ್ಲೇ ಹೊಳೆದಿದ್ದಂತೆ. ಕೊನೇ ಸೈಕಲ್ ಬರೋವರ್ಗೂ ಟೆಂಟ್ ಹಾಕಂಗಿಲ್ಲ ಅನ್ನೋದೂ ನಿಮ್ದೇ ರೂಲಲ್ವಾ, ಒಬ್ರೂ ಹಾಕಿರಲಿಲ್ಲ. ಅಣ್ಣ, ಪಂಪ್ ತರೋಕೆ ಒಬ್ರು ಸಾಕಿತ್ತು. ಒಂಬತ್ತು ಜನಾನೂ ಬಂದಿದ್ರು. ಜೀವ ಬಾಯಿಗೆ ಬರಂಗೆ ಹತ್ತಿದ ಏರನ್ನ ಇಳಿದು ಬಂದಿದ್ರು, ಮತ್ತೆ ಹತ್ಬೇಕು ಅಂತ ಗೊತ್ತಿದ್ದೂ! ಗ್ರೂಪ್ ಮುಚ್ಬುಡಣ ಅಂದಿದ್ದೋರೇ ಮಂಡಿಯೂರಿ ಟ್ಯೂಬ್ ಉಜ್ತಾ ಕೂತಿದ್ರು. ಯಾರೂ ನನ್ನ ಬೈಲಿಲ್ಲ. ಬಸವರಾಜಣ್ಣ ಒಬ್ರೇ ಬೈತಾನೇ ಇದ್ರು, ಅದೂ ನಗ್ತಾ. ನೀವು ನೋಡ್ಬೇಕಿತ್ತು. ನಿಮ್ಮ ಹುಡುಗ್ರು ಅಣ್ಣ ಅವ್ರೆಲ್ಲ. ನೀವು ತಯಾರು ಮಾಡಿದ್ದು...

ಮೂರನೇ ದಿನ ಮೈಸೂರಿಗೆ ಹನ್ನೊಂದು ಸೈಕಲ್ಲೂ ಒಂದೇ ಸಾಲಲ್ಲಿ ಬಂದ್ವು. ಒಂದೂ ಗಾಡಿ ಹತ್ತಲಿಲ್ಲ. ನಿಮ್ಮ ಟ್ರಿಪ್ಪು ಟ್ರಿಪ್ಪೇ ಆಯ್ತು.

ಇನ್ನೊಂದು ಸುದ್ದಿ, ಇದು ನಿಮಗೆ ಗೊತ್ತೇ ಇಲ್ಲ. ಮುಂದಿನ ಟ್ರಿಪ್ಪಿಗೆ ಬಸವರಾಜಣ್ಣನ ಹೆಂಡ್ತಿ ಹೆಸರು ಕೊಟ್ಟವ್ರೆ. ಸೈಕಲ್ ಕಲಿಯೋಕೆ ಶುರುಮಾಡಿ ಇನ್ನೂ ಒಂದು ವಾರ. ನಿನ್ನೆ ನಂಗೆ ಫೋನ್ ಮಾಡಿ, "ನಾನು ತುಂಬಾ ನಿಧಾನ ಕಣಮ್ಮ, ನಿಮಗೆಲ್ಲ ತೊಂದ್ರೆ ಆಗಲ್ವಾ?" ಅಂತ ಹಿಂಜರಿದ್ರು.

ಎಷ್ಟು ನಿಧಾನ ಆದ್ರೂ ಬನ್ನಿ ಅಂದೆ ಅಣ್ಣ. ನಿಮ್ಮ ಹಿಂದೆ ನಾನಿರ್ತೀನಿ ಅಂದೆ.

ನಿಮ್ಮ
ರಮ್ಯಾ