ಯುಪಿಎಸ್‌ಗೆ ಕೊಟ್ಟ ರಜಾ

ಅಕ್ಟೋಬರ್ ೯, ಗುರುವಾರ. ಸಂಜಯನಗರ.

ಸಂಜೆ ಕರೆಂಟ್ ಹೋದಾಗ ಯುಪಿಎಸ್ ಕೈಕೊಟ್ಟಿತು. ಅಮ್ಮನ ಆಕ್ಸಿಜನ್ ಯಂತ್ರವೂ ನಿಂತಿತು. ಮಹತಿ ಅಮ್ಮನ ಬೆನ್ನು ನೀವುತ್ತಿದ್ದಳು. ನಾನು ಟಾರ್ಚ್ ಹಿಡಿದು ನೋಡಿದೆ. ಬ್ಯಾಟರಿಯಲ್ಲಿ ನೀರಿತ್ತು, ವೈರುಗಳು ಬಿಗಿಯಾಗಿದ್ದವು, ಫ್ಯೂಸ್ ಸರಿಯಿತ್ತು. ಭಯವಾಗಬೇಕಿತ್ತು, ಒಂದೊಂದನ್ನೇ ಮುಟ್ಟಿ ನೋಡುವುದರಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕೊನೆಗೆ, ಆಯುಧಪೂಜೆಗೆ ಯುಪಿಎಸ್‌ಗೆ ಹಾಕಿದ್ದ, ಈಗ ಒಣಗಿಹೋಗಿದ್ದ ಸೇವಂತಿಗೆ ಹಾರ ಸರಿಸಿದೆ. ಅದರ ಹಿಂದೆ ಸ್ವಿಚ್ ಆಫ್ ಆಗಿತ್ತು. ಕರೆಂಟ್ ಇದ್ದಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಅಮ್ಮನ ಉಸಿರು ಹದಕ್ಕೆ ಬಂತು.

"ಯಾರು ಆಫ್ ಮಾಡಿದ್ದು?"

"ನಾನೇ ಕಣೋ," ಎಂದಳು ಅಮ್ಮ. "ಪೂಜೆ ದಿನ ನೀನು ಕಾರಿಗೂ ರಜಾ ಕೊಟ್ಟೆ. ಇದೇನ್ ಪಾಪ ಮಾಡಿತ್ತು?"

"ರಜಾ ಮುಗಿದ್ಮೇಲೆ ಡ್ಯೂಟಿಗೆ ಕರೀಬೇಕಲ್ವಾ ಅತ್ತೆ?" ಎಂದಳು ಮಹತಿ. ಅಮ್ಮ ನಕ್ಕಳು. ನಗು ಕೆಮ್ಮಾಯಿತು.

ಈಗ ಇಬ್ಬರೂ ಮಲಗಿದ್ದಾರೆ. ಕರೆಂಟ್ ಹೋದರೆ ತನ್ನ ಉಸಿರಿಗೆ ಆ ಪೆಟ್ಟಿಗೆಯೇ ಗತಿ ಎಂದು ಅಮ್ಮನಿಗೆ ಗೊತ್ತು. ಆದರೂ ಅದಕ್ಕೆ ದಣಿವಾಗಿರಬಹುದು ಅಂದುಕೊಂಡಳು. ವರ್ಷಗಳಿಂದ ಅದಕ್ಕೆ ನೀರು ಹಾಕುತ್ತಿರುವ ನನಗೆ ಒಮ್ಮೆಯೂ ಹಾಗನ್ನಿಸಿಲ್ಲ. ಹಾರ ತೆಗೆದೆ, ಪೆಟ್ಟಿಗೆಗೆ ಇಟ್ಟಿದ್ದ ಕುಂಕುಮ ಒರೆಸಲಿಲ್ಲ. ಮಲಗುವ ಮುಂಚೆ ಆ ಸ್ವಿಚ್ಚನ್ನು ಇನ್ನೊಮ್ಮೆ ನೋಡಿ ಬರಬೇಕು.